ಅರುಳ್‌ಮೇರಿ ಗೆದ್ದುಬಿಟ್ಟಳು

ನಮ್ಮ ಸಾಲಿನ ಕೊನೆಯ ಮನೆಯ ಅರುಳ್‌ಮೇರಿ ಶಾಲೆಯ ವ್ಯಾನು ಓಡಿಸುತ್ತಿದ್ದಳು. ಬೆಳಗ್ಗೆ ಇನ್ನೂ ಕತ್ತಲಿರುವಾಗಲೇ ಆ ವ್ಯಾನು ಕೆಮ್ಮಿ ಕ್ಯಾಕರಿಸಿ ಎದ್ದಿತೆಂದರೆ ಪಕ್ಕದ ಮನೆಯಲ್ಲಿ ನಾನೂ ಎದ್ದು ಒಲೆ ಹಚ್ಚುತ್ತಿದ್ದೆ. ಚೀನೀ ಶಾಲೆಗೊಂದು ಸುತ್ತು, ತಮಿಳು ಶಾಲೆಗೊಂದು ಸುತ್ತು, ಮಧ್ಯಾಹ್ನ ಮತ್ತೆ ಅಷ್ಟೇ. ಗಲಾಟೆ ಮಾಡುವ ಚೀನೀ ಮಕ್ಕಳನ್ನು ತಮಿಳಿನಲ್ಲಿ ಬೈಯುತ್ತಿದ್ದಳು, ತಮಿಳು ಮಕ್ಕಳನ್ನು ಚೀನೀಯರ ಹೊಕ್ಕಿಯೆನ್ ಭಾಷೆಯಲ್ಲಿ. ಅರ್ಥವಾಗದ ಬೈಗುಳಕ್ಕೆ ಮಕ್ಕಳು ಹೆಚ್ಚು ಹೆದರುತ್ತಾರೆ ಎಂದು ಅವಳ ನಂಬಿಕೆ.

ಗಂಡ ಸವರಿಮುತ್ತು ಕೈಗವಸಿನ ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಆದರೆ ಊರಿನಲ್ಲಿ ಅವನಿಗೊಂದು ಸ್ಥಾನವಿದ್ದದ್ದು ಅದರಿಂದಲ್ಲ. ಆಳುವ ಕೂಟದಲ್ಲಿ ತಮಿಳರದೊಂದು ಪಕ್ಷವಿತ್ತಲ್ಲ, ಅದರ ಸ್ಥಳೀಯ ಶಾಖೆಗೆ ಅವನು ಕಾರ್ಯದರ್ಶಿ. ದಾತೋ ಎಂಬ ಸರ್ಕಾರಿ ಬಿರುದಿನ ನಮ್ಮ ಶಾಸಕ ಚುವಾ ಊರಿಗೆ ಬಂದರೆ ಪಕ್ಕದಲ್ಲಿ ನಿಲ್ಲುವವನು, ಹಬ್ಬಕ್ಕೆ ಅಕ್ಕಿಚೀಲ ಹಂಚುವವನು. ಅವರ ಮನೆಯ ಗೋಡೆಯಲ್ಲಿ ಯೇಸುವಿನ ಪಟದ ಕೆಳಗೆ ದಾತೋ ಅವನ ಕೈಕುಲುಕುತ್ತಿರುವ ಫೋಟೋ ಇತ್ತು. ನಾವೆಲ್ಲ ಶಾಲೆಗೆ ಹೋಗುವ ಕಾಲದಿಂದಲೂ ಮಲೇಷ್ಯಾದ ಈ ಪೆನಾಂಗ್ ರಾಜ್ಯವನ್ನು ಆಳಿದ್ದು ಆ ಕೂಟವೇ. ಅದು ಸೋಲಬಹುದು ಎಂದು ಯಾರಾದರೂ ಹೇಳಿದ್ದರೆ ಹಣೆ ಮುಟ್ಟಿ ಜ್ವರ ನೋಡುತ್ತಿದ್ದೆವು.

ಅರುಳ್‌ಮೇರಿಗೆ ರಾಜಕೀಯ ಬೇಕಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ತಮಿಳು ಶಾಲೆಯ ಮುಂದೆ ಒಂದು ರಸ್ತೆಯುಬ್ಬು. ಅವಳ ವ್ಯಾನಿನಿಂದ ಇಳಿದ ಹುಡುಗಿಯೊಬ್ಬಳಿಗೆ ಮೋಟಾರುಬೈಕು ಬಡಿದು ಕಾಲು ಮುರಿದಿತ್ತು. ದಾತೋ ಕಚೇರಿಗೆ ಹೋಗಿ ಎರಡು ಸಲ ಬೆಂಚಿನ ಮೇಲೆ ಕೂತು ವಾಪಸು ಬಂದಳು. ಮೂರನೆಯ ಸಲ ಅವರೇ ಹೊರಗೆ ಬಂದರು. ಒಳ್ಳೆಯ ಮನುಷ್ಯ, ಯಾರನ್ನೂ ಗದರಿಸಿದವರಲ್ಲ. ಅವಳನ್ನು ನೋಡಿ ಮುಗುಳ್ನಕ್ಕು, "ಮುತ್ತು ಹೆಂಡ್ತಿ ಅಲ್ವಾ ನೀನು? ಹಬ್ಬದ ಅಕ್ಕಿ ಸಿಕ್ತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಾರು ಹತ್ತಿದರು. ಅವಳು ಈ ಮಾತನ್ನು ಗಂಡನಿಗೆ ಹೇಳಲಿಲ್ಲ. ನನಗೆ ಹೇಳಿದಳು, ಅದೂ ಬಹಳ ದಿನ ಬಿಟ್ಟು.

ಎರಡು ಸಾವಿರದ ಎಂಟರಲ್ಲಿ ಚುನಾವಣೆ ಬಂತು. ನಾಮಪತ್ರದ ದಿನ ಭಾನುವಾರ. ನಾವಿಬ್ಬರೂ ಬೆಳಗಿನ ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲು ಇಳಿಯುತ್ತಿದ್ದೆವು. ಕೆಳಗೆ ಹಲ್ಲಿನ ಡಾಕ್ಟರ್ ಯೋ ಬೆವರೊರೆಸಿಕೊಳ್ಳುತ್ತ ನಿಂತಿದ್ದರು. ಅವರ ಇಬ್ಬರು ಹೆಣ್ಣುಮಕ್ಕಳು ಅರುಳ್‌ಮೇರಿಯ ವ್ಯಾನಿನಲ್ಲೇ ಶಾಲೆಗೆ ಹೋಗುತ್ತಿದ್ದರು. ವಿರೋಧ ಪಕ್ಷಕ್ಕೆ ನಮ್ಮ ಸುಂಗೈ ನಿಪಾಹ್ ಕ್ಷೇತ್ರದಲ್ಲಿ ಇದ್ದ ಹಿರಿಯ, ಕಿರಿಯ, ಕಾರಕೂನ ಎಲ್ಲ ಅವರೊಬ್ಬರೇ. ಆದರೆ ಅವರ ಹೆಸರು ಪಕ್ಕದ ಕ್ಷೇತ್ರದ ಅಭ್ಯರ್ಥಿಯಾಗಿ ಆಗಲೇ ನಿಗದಿಯಾಗಿತ್ತು.

"ಅಕ್ಕ, ಒಂದು ಸಹಾಯ ಆಗ್ಬೇಕು. ನಿಮ್ಮ ಹೆಸರು ಬೇಕು," ಎಂದರು.

"ಯಾವುದಕ್ಕೆ?"

"ಚುನಾವಣೆಗೆ ನಿಲ್ಲಕ್ಕೆ."

ಅರುಳ್‌ಮೇರಿ ನನ್ನ ಮುಖ ನೋಡಿ, ಅವರ ಮುಖ ನೋಡಿ, "ಡಾಕ್ಟ್ರೇ, ಬೆಳಗ್ಗೆ ಹೊಟ್ಟೆಗೆ ಏನಾದ್ರೂ ಹಾಕಿದೀರಾ?" ಎಂದಳು.

"ತಮಾಷೆ ಅಲ್ಲ ಅಕ್ಕ. ಇಲ್ಲಿಗೆ ಅಂತ ಇಟ್ಟುಕೊಂಡಿದ್ದೋನು ನಿನ್ನೆ ಸಂಜೆ ಕೈಕೊಟ್ಟ. ಅವನ ಅಳಿಯ ಸರ್ಕಾರಿ ಆಫೀಸಲ್ಲಿದಾನೆ, ಯಾರೋ ಫೋನ್ ಮಾಡಿ ಹೆದರಿಸಿದಾರೆ. ಹತ್ತು ಗಂಟೆ ಒಳಗೆ ಒಂದು ಹೆಸರು ಕೊಡ್ದೇ ಇದ್ರೆ ದಾತೋ ಎದುರಿಲ್ದೆ ಗೆದ್ದುಬಿಡ್ತಾರೆ. ನಮಗೆ ಮುಖ ತೋರಿಸಕ್ಕಾಗಲ್ಲ. ಎದುರುಗಡೆ ಒಂದು ಹೆಸರಿರ್ಬೇಕು, ಅಷ್ಟೇ."

"ಗೆದ್ದುಬಿಟ್ರೆ?"

"ಗೆಲ್ಲಲ್ಲ. ಅದಕ್ಕೆ ನಾನು ಗ್ಯಾರಂಟಿ. ಠೇವಣಿ ಉಳಿದ್ರೆ ನಿಮಗೊಂದು ಹಲ್ಲು ಪುಕ್ಕಟೆ ಕಟ್ಟಿಸಿಕೊಡ್ತೀನಿ."

"ನಮ್ಮೆಜಮಾನ್ರು ಯಾವ ಕಡೆ ಅಂತ ಗೊತ್ತಲ್ಲ?"

"ಗೊತ್ತು. ಅದಕ್ಕೇ ಕೇಳಕ್ಕೆ ನಾಲಿಗೆ ಏಳ್ತಾ ಇಲ್ಲ."

ಅವಳು ಬೇಡವೆನ್ನುತ್ತಾಳೆ ಎಂದು ನಾನು ಆಗಲೇ ಮನೆಯ ಕಡೆ ತಿರುಗಿದ್ದೆ. ಅವಳು ಮಾತ್ರ ನಿಂತೇ ಇದ್ದಳು. ಮೆಲ್ಲಗೆ, ನನಗೆ ಮಾತ್ರ ಕೇಳುವಂತೆ, "ಜೆಸಿಂತಾ, ಅಕ್ಕಿ ಸಿಕ್ತಾ ಅಂದ ಆ ದಾತೋ. ನಾನು ಅಕ್ಕಿ ಕೇಳಕ್ಕೆ ಹೋಗಿರ್ಲಿಲ್ಲ," ಎಂದಳು. ಆಮೇಲೆ ಡಾಕ್ಟರ ಕಡೆ ತಿರುಗಿ, "ಎಷ್ಟೊತ್ತಾಗುತ್ತೆ? ಮೀನು ತೊಳೆದು ಆಚೆ ಇಟ್ಟು ಬಂದಿದೀನಿ," ಎಂದಳು.

ಸೂಚಕಳಾಗಿ ಸಹಿ ಹಾಕಲು ನನ್ನನ್ನೂ ಕಾರಿಗೆ ಹತ್ತಿಸಿದರು.

ನಾಮಪತ್ರ ಸಲ್ಲಿಸುವ ಸಭಾಂಗಣದ ಮುಂದೆ ಪೊಲೀಸರು ಹಗ್ಗ ಕಟ್ಟಿ ಎರಡು ಕಡೆಯವರನ್ನು ಬೇರೆ ಮಾಡಿದ್ದರು. ನಮ್ಮ ಕಡೆ ಹತ್ತಿಪ್ಪತ್ತು ಜನ. ಆ ಕಡೆ ಡೋಲು, ಸಿಂಹದ ಕುಣಿತ, ನೀಲಿ ಅಂಗಿಯ ಸಮುದ್ರ. ನಡುವೆ ದಾತೋ ಚುವಾ, ಅವರ ತಲೆಯ ಮೇಲೆ ಕೊಡೆ ಹಿಡಿದು ಸವರಿಮುತ್ತು. ಅವನು ನಮ್ಮ ಕಡೆ ನೋಡಿದ. ಚರ್ಚಿಗೆ ಉಟ್ಟಿದ್ದ ಹಳದಿ ಸೀರೆಯಲ್ಲೇ ಹೆಂಡತಿ ವಿರೋಧ ಪಕ್ಷದ ಬಾವುಟಗಳ ನಡುವೆ ನಡೆದು ಹೋಗುತ್ತಿದ್ದಳು. ಅವನ ಬಾಯಿ ತೆರೆದದ್ದು ತೆರೆದೇ ಇತ್ತು. ಕೈಯಲ್ಲಿದ್ದ ಕೊಡೆ ವಾಲಿ ದಾತೋ ಅವರ ಬೋಳುತಲೆಗೆ ಬಿಸಿಲು ಬಿತ್ತು. ಅವರು ಮೊದಲು ಕೊಡೆ ನೋಡಿ, ಆಮೇಲೆ ಅವನು ನೋಡುತ್ತಿದ್ದ ಕಡೆ ನೋಡಿ, "ಮುತ್ತು, ಅದು ನಿನ್ನ ಹೆಂಡ್ತಿ ಅಲ್ವೇನಯ್ಯಾ?" ಎಂದು ಕೇಳಿದರಂತೆ.

"ಅಲ್ಲ ದಾತೋ," ಎಂದುಬಿಟ್ಟನಂತೆ ಸವರಿಮುತ್ತು.

ದಾತೋ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಕೋಪಿಸಿಕೊಂಡಿದ್ದರೆ ಅವನಿಗೆ ಅಷ್ಟು ಕೆಟ್ಟದೆನಿಸುತ್ತಿರಲಿಲ್ಲವೇನೋ.

ಆ ಮಧ್ಯಾಹ್ನ ಅವರ ಮನೆಯ ಮಾತು ಗೋಡೆಯಾಚೆಯಿಂದ ನನಗೆ ಕೇಳುತ್ತಿತ್ತು.

"ಯಾರನ್ನ ಕೇಳಿ ಹೋದೆ?"

"ಯಾರನ್ನೂ ಕೇಳ್ಲಿಲ್ಲ."

"ನಾಳೆಯಿಂದ ನಾನು ಮನೆಮನೆಗೆ ಹೋಗಿ ನಿನಗೆ ವೋಟು ಹಾಕ್ಬೇಡಿ ಅನ್ಬೇಕು. ಗೊತ್ತಾಗ್ತಿದೆಯಾ? ಈ ಬೀದಿಗೂ ಬರ್ಬೇಕು. ಈ ಮನೆಗೂ ಬರ್ಬೇಕು."

"ಬನ್ನಿ. ಕಾಫಿ ಕೊಡ್ತೀನಿ."

"ನಗೋ ವಿಷಯ ಅಲ್ಲ ಮೇರಿ."

"ಗೆಲ್ಲಲ್ಲ ಅಂತ ಗ್ಯಾರಂಟಿ ಕೊಟ್ಟಿದಾರೆ ರೀ. ಎರಡು ವಾರ ಕಣ್ಮುಚ್ಚಿಕೊಂಡ್ರೆ ಮುಗೀತು."

ಆ ಎರಡು ವಾರ ಅವಳು ಮಾಡಿದ್ದು ಅಷ್ಟಕ್ಕಷ್ಟೇ. ಬೆಳಗ್ಗೆ, ಮಧ್ಯಾಹ್ನ ಎಂದಿನಂತೆ ವ್ಯಾನು. ಅವಳ ಪೋಸ್ಟರಿಗೆ ಡ್ರೈವಿಂಗ್ ಲೈಸೆನ್ಸಿನ ಫೋಟೋವನ್ನೇ ದೊಡ್ಡದು ಮಾಡಿ ಹಾಕಿದ್ದರು. ಅದರಲ್ಲಿ ಅವಳು ಯಾರ ಮೇಲೋ ಕೇಸು ಹಾಕಲು ಹೊರಟವಳ ಹಾಗಿದ್ದಳು. ಒಂದೇ ಒಂದು ಸಂಜೆ, ಮಾರುಕಟ್ಟೆಯ ಪಕ್ಕದ ಬಯಲಿನ ಸಭೆಯಲ್ಲಿ ಮಾತಾಡಿದಳು. ಮೈಕು ಹಿಡಿದು, ಸಂತೆಯ ಮಲಯ್ ಭಾಷೆಯಲ್ಲಿ ಕಾಲು ಮುರಿದ ಹುಡುಗಿಯ ವಿಷಯ, ಬೆಂಚಿನ ಮೇಲೆ ಕೂತ ವಿಷಯ, ಅಕ್ಕಿಯ ಮಾತು, ಇಷ್ಟನ್ನೇ ಹೇಳಿದಳು. ದಾತೋ ಅವರನ್ನು ಬೈಯಲಿಲ್ಲ. ಮುಗಿಸಿ ಕೆಳಗಿಳಿದಾಗ ಚಪ್ಪಾಳೆಯೂ ಬರಲಿಲ್ಲ. ಬಯಲಿನಲ್ಲಿ ಅಷ್ಟು ಜನ ಇದ್ದು ಅಷ್ಟು ಮೌನ ಇದ್ದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಮಾತು ಚೆನ್ನಾಗಿ ಬರಲಿಲ್ಲ ಎಂದು ನಾವಿಬ್ಬರೂ ಅಂದುಕೊಂಡೆವು.

ಜನ ಅವಳಿಗಾಗಿ ಬಂದವರಲ್ಲ, ಅದು ನನಗೆ ಈಗ ಗೊತ್ತು. ಆ ವರ್ಷ ಎಲ್ಲರ ಒಳಗೂ ಏನೋ ಕುದಿಯುತ್ತಿತ್ತು. ಮೂರು ತಿಂಗಳ ಹಿಂದೆ ರಾಜಧಾನಿಯಲ್ಲಿ ಮೆರವಣಿಗೆ ಹೊರಟ ತಮಿಳರ ಮೇಲೆ ಪೊಲೀಸರು ಅಶ್ರುವಾಯು ಬಿಟ್ಟಿದ್ದರು. ಸಾಮಾನಿನ ಬೆಲೆ ಏರಿತ್ತು. ಆದರೂ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸವರಿಮುತ್ತು ಮನೆಗೆ ಬಂದರೆ ಎಲ್ಲರೂ ತಲೆಯಾಡಿಸುತ್ತಿದ್ದರು, ಅವನು ಕೊಟ್ಟ ಪ್ರಚಾರದ ಚೀಟಿ ತೆಗೆದುಕೊಳ್ಳುತ್ತಿದ್ದರು, ಟೀ ಕೊಡುತ್ತಿದ್ದರು. "ಏನೂ ತೊಂದ್ರೆ ಇಲ್ಲ, ಜನ ನಮ್ಮ ಕಡೆಗಿದಾರೆ," ಎಂದು ಅವನು ದಾತೋಗೆ ಹೇಳಿದ. ಸುಳ್ಳು ಹೇಳಲಿಲ್ಲ, ಕಂಡದ್ದನ್ನೇ ಹೇಳಿದ.

ಮತದಾನದ ಶನಿವಾರ ಸಂಜೆ ಚೀನೀ ಶಾಲೆಯ ಸಭಾಂಗಣದಲ್ಲಿ ಎಣಿಕೆ. ಡಾಕ್ಟರ್ ಯೋ ತಮ್ಮ ಕ್ಷೇತ್ರದಲ್ಲಿದ್ದರು. ಅರುಳ್‌ಮೇರಿಗೆ ಜೊತೆಯಾಗಿ ನಾನು ಹೋಗಿದ್ದೆ. ಇಬ್ಬರೂ ಮಕ್ಕಳ ಕುರ್ಚಿಯಲ್ಲಿ ಮುದುಡಿ ಕೂತಿದ್ದೆವು. ಸವರಿಮುತ್ತು ದಾತೋ ಕಡೆಯ ಏಜೆಂಟನಾಗಿ ಮೇಜಿನಿಂದ ಮೇಜಿಗೆ ಓಡಾಡುತ್ತಿದ್ದ. ಮೊದಮೊದಲು ಅವನ ನಡಿಗೆಯಲ್ಲಿ ಗತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಒಂದು ಮೇಜಿನ ಹತ್ತಿರ ನಿಂತವನು ಅಲ್ಲಿಂದ ಕದಲಲಿಲ್ಲ. ಅದು ನಮ್ಮ ಬೀದಿಯ ಪೆಟ್ಟಿಗೆ. ಟೀ ಕೊಟ್ಟವರು, ತಲೆಯಾಡಿಸಿದವರು, ಅಕ್ಕಿ ತೆಗೆದುಕೊಂಡವರು ಎಲ್ಲರ ಮತಚೀಟಿಯೂ ಅಲ್ಲಿತ್ತು. ಅವನ ಮುಖದಿಂದ ರಕ್ತ ಇಳಿದುಹೋದದ್ದು ದೂರಕ್ಕೇ ಕಾಣುತ್ತಿತ್ತು.

"ಅವರಿಗೆ ಮೈ ಸರಿ ಇಲ್ವೇನೋ, ನೋಡು," ಎಂದಳು ಅರುಳ್‌ಮೇರಿ.

ಅಷ್ಟರಲ್ಲಿ ಅಧಿಕಾರಿ ಮೈಕಿನಲ್ಲಿ ಹೆಸರು ಓದಿದ. ಓದಿ ಮುಗಿಸಿದ ಮೇಲೂ ಸಭಾಂಗಣದಲ್ಲಿ ಯಾರೂ ಅಲುಗಾಡಲಿಲ್ಲ. ಅವನು ಮತ್ತೊಮ್ಮೆ ಓದಬೇಕಾಯಿತು. ಅರುಳ್‌ಮೇರಿ ಸವರಿಮುತ್ತು ಗೆದ್ದಿದ್ದಾಳೆ, ಹತ್ತಿರ ಹತ್ತಿರವೂ ಅಲ್ಲ, ದೊಡ್ಡ ಅಂತರದಲ್ಲಿ.

ಅವಳು ಎದ್ದು ಅಧಿಕಾರಿಯ ಮೇಜಿಗೆ ಹೋದಳು. ಸಹಿ ಹಾಕಲು ಹೊರಟಳೆಂದು ನಾನಂದುಕೊಂಡೆ.

"ಸಾರ್, ಎಲ್ಲೋ ತಪ್ಪಾಗಿದೆ. ಇನ್ನೊಂದ್ಸಲ ಎಣಿಸಿ," ಎಂದಳು.

"ಸೋತವರು ಕೇಳ್ಬೇಕಮ್ಮ ಅದನ್ನ. ನೀವು ಗೆದ್ದಿದೀರಿ."

"ಅದೇ ನಾನೂ ಹೇಳ್ತಿರೋದು. ತಪ್ಪಾಗಿದೆ."

ಅಧಿಕಾರಿ ದಾತೋ ಕಡೆ ನೋಡಿದ. ದಾತೋ ಚುವಾ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದರು. "ಬೇಡ," ಎಂದರು ಬಹಳ ಮೆಲ್ಲಗೆ. ಎದ್ದು ಬಂದು ಅವಳ ಕೈಕುಲುಕಿದರು. ಆ ಕೈ ಮಂಜುಗಡ್ಡೆಯ ಹಾಗೆ ತಣ್ಣಗಿತ್ತು ಎಂದು ಅವಳು ಆಮೇಲೆ ಹೇಳಿದಳು. "ಊಟ ಆಯ್ತಾ ದಾತೋ?" ಎಂದು ಕೇಳಿದಳಂತೆ.

ಹೊರಗೆ ಜನ ಫೋನು ಹಿಡಿದು ಒಬ್ಬರಿಗೊಬ್ಬರು ಮೆಸೇಜು ತೋರಿಸುತ್ತಿದ್ದರು. ಆ ಕ್ಷೇತ್ರ ಹೋಯಿತು, ಈ ಕ್ಷೇತ್ರ ಹೋಯಿತು, ಮುಖ್ಯಮಂತ್ರಿಯೇ ಸೋತರು. ರಾಜ್ಯ ಸರ್ಕಾರವೇ ಬಿದ್ದಿತ್ತು. ಯಾರೂ ಕುಣಿಯಲಿಲ್ಲ, ಪಟಾಕಿ ಹಾರಿಸಲಿಲ್ಲ. ತಮ್ಮದೇ ಕೈ ತಗುಲಿ ಏನೋ ಮುರಿದುಹೋಯಿತು ಎಂಬಂತೆ ನಿಂತಿದ್ದರು.

ಮನೆಗೆ ವ್ಯಾನಿನಲ್ಲೇ ಹೊರಟೆವು. ಸವರಿಮುತ್ತು ಮುಂದೆ ಅವಳ ಪಕ್ಕದಲ್ಲಿ, ನಾನು ಹಿಂದೆ.

"ನಾನು ನಿನಗೆ ಹಾಕ್ಲಿಲ್ಲ," ಎಂದ ಅವನು, ಕಿಟಕಿಯಾಚೆ ನೋಡುತ್ತ.

"ಗೊತ್ತು ರೀ."

ಸಿಗ್ನಲ್ಲಿನಲ್ಲಿ ವ್ಯಾನು ನಿಂತಾಗ ಅವಳೆಂದಳು: "ನಾನೂ ಹಾಕ್ಲಿಲ್ಲ."

ಅವನು ತಿರುಗಿ ನೋಡಿದ.

"ಚೀಟಿಯಲ್ಲಿ ನನ್ನ ಹೆಸರು ನೋಡಿದೆ. ಇದೇನಾದ್ರೂ ನಿಜ ಆದ್ರೆ ಗತಿ ಏನು ಅನ್ನಿಸ್ತು. ದಾತೋಗೇ ಹಾಕಿ ಬಂದೆ."

ಸಿಗ್ನಲ್ ಹಸಿರಾಗಿ ಹಿಂದಿನವರು ಹಾರ್ನು ಹೊಡೆದರೂ ಅವಳು ಗಾಡಿ ಎತ್ತಲಿಲ್ಲ. ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಅಳುತ್ತಿದ್ದಳು. ಸವರಿಮುತ್ತು ಅವಳ ಬೆನ್ನಿನ ಮೇಲೆ ಕೈಯಿಡಲು ಹೋಗಿ, ಹಿಂತೆಗೆದು, ಕೊನೆಗೆ ಇಟ್ಟ.

ಮರುದಿನ ಊರು ಸತ್ತ ಹಾಗಿತ್ತು. ನಮ್ಮ ತಂದೆ ತಾಯಿಯರ ಕಾಲದಲ್ಲಿ ಚುನಾವಣೆಯ ಬೆನ್ನಿಗೇ ಆದ ಗಲಭೆಯನ್ನು ನೆನೆದು ಹಿರಿಯರು ಮಕ್ಕಳನ್ನು ಹೊರಗೆ ಬಿಡಲಿಲ್ಲ. ಅಂಗಡಿಯವರು ಅರ್ಧ ಬಾಗಿಲು ಎಳೆದುಕೊಂಡು ವ್ಯಾಪಾರ ಮಾಡಿದರು. ಎಲ್ಲರ ಕಿವಿಯೂ ಬೀದಿಯ ಕಡೆ. ಏನೂ ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಐಸ್‌ಕ್ರೀಮಿನವನ ಗಂಟೆ ಕೇಳಿಸಿತು. ಅದರ ಹಿಂದೆಯೇ ಅರುಳ್‌ಮೇರಿಯ ಗೇಟಿನ ಮುಂದೆ ಜನ ಸೇರತೊಡಗಿದರು. ಮನೆಮುಂದಿನ ಚರಂಡಿ ಕಟ್ಟಿಕೊಂಡವರು, ಮಗಳಿಗೆ ಜನನಪತ್ರ ಸಿಗದವರು, ಗಂಡನಿಂದ ಪೆಟ್ಟು ತಿಂದವಳು. ಎಲ್ಲರ ಬಾಯಲ್ಲೂ "ವೈಬಿ, ವೈಬಿ". ಶಾಸಕರನ್ನು ಹಾಗೆ ಗೌರವದಿಂದ ಕರೆಯುವುದು ನಮ್ಮಲ್ಲಿ ರೂಢಿ. ಅವಳು ಒಂದೆರಡು ಸಲ ಹಿಂದೆ ತಿರುಗಿ, ದಾತೋ ಏನಾದರೂ ಬಂದರೇ ಎಂದು ನೋಡಿದಳು.

"ಇವರಿಗೆಲ್ಲ ಏನು ಹೇಳ್ಲಿ ಜೆಸಿಂತಾ?" ಎಂದು ಅಡುಗೆಮನೆಗೆ ಬಂದು ಕೇಳಿದಳು.

"ಕೂತ್ಕೊಳ್ಳಿ ಅನ್ನು ಮೊದ್ಲು," ಎಂದೆ.

ಸೋಮವಾರ ಅವಳು ವ್ಯಾನು ತೆಗೆದಳು. ಮಕ್ಕಳನ್ನು ಶಾಲೆಗೆ ಬಿಡುವವರು ಬೇರೆ ಯಾರಿದ್ದರು? ಗೇಟಿನ ಬಳಿ ಹೆಡ್‌ಮಾಸ್ಟರು ಓಡಿಬಂದು ವ್ಯಾನಿನ ಬಾಗಿಲು ತೆಗೆದರು. ಅದೇ ಮನುಷ್ಯ ಹಿಂದಿನ ವಾರ, ಗಾಡಿ ಅಡ್ಡ ನಿಲ್ಲಿಸಿದ್ದಕ್ಕೆ ಅವಳ ಮೇಲೆ ರೇಗಿದ್ದ. ಮಕ್ಕಳು ಮಾತ್ರ ಬದಲಾಗಲಿಲ್ಲ. ಪ್ರಮಾಣವಚನ ಅಭ್ಯಾಸ ಮಾಡುತ್ತ ಅವಳು ಗಾಡಿ ಓಡಿಸಿದರೆ ಹಿಂದಿನ ಸೀಟಿನಿಂದ "ಆಂಟಿ, ಅದು ತಪ್ಪು" ಎಂದು ಅವಳ ಮಲಯ್ ತಿದ್ದುತ್ತಿದ್ದರು. ದೋಣಿಯಲ್ಲಿ ಕಡಲು ದಾಟಿ ದ್ವೀಪದ ಜಾರ್ಜ್‌ಟೌನಿನ ವಿಧಾನಸಭೆಗೆ ಹೋದ ದಿನ ಅವಳ ಕಾಲಲ್ಲಿ ಇದ್ದದ್ದು ನನ್ನ ಕರಿ ಬೂಟು, ಒಂದು ಅಳತೆ ದೊಡ್ಡದು. ಪ್ರಮಾಣ ತಪ್ಪಿಲ್ಲದೆ ಓದಿದಳು. ಬೂಟು ಜಾರದಂತೆ ಬೆರಳು ಬಿಗಿಹಿಡಿದಿದ್ದೇ ನೆನಪು, ಮಿಕ್ಕಿದ್ದೇನೂ ನೆನಪಿಲ್ಲ ಎಂದಳು.

ಸವರಿಮುತ್ತುವನ್ನು ಪಕ್ಷದಿಂದ ತೆಗೆದರು. ಇಪ್ಪತ್ತು ವರ್ಷದ ಸಂಬಂಧ ಒಂದು ಮೆಸೇಜಿನಲ್ಲಿ ಮುಗಿಯಿತು. ಹೆಂಡತಿಯನ್ನು ನಿಲ್ಲಿಸಿ ಒಳಗೊಳಗೇ ಕತ್ತಿ ಮಸೆದ ಎಂದು ಆಪಾದನೆ. ಅವನು ಆ ಮೆಸೇಜನ್ನು ನಮಗೆಲ್ಲ ತೋರಿಸಿದ, ನಾವು ಓದಿ ಹೇಳುವುದು ಬೇರೇನಾದರೂ ಇರಬಹುದು ಎಂಬಂತೆ. ವಿಚಿತ್ರವೆಂದರೆ ದಾತೋ ಚುವಾ ಮನೆಗೆ ಆಮೇಲೂ ಹೋಗುತ್ತಿದ್ದವನು ಅವನೊಬ್ಬನೇ. ಕಾರು ಕಾರುಗಟ್ಟಲೆ ಬರುತ್ತಿದ್ದವರು ಒಂದೇ ವಾರದಲ್ಲಿ ಮಾಯವಾಗಿದ್ದರು. ಶನಿವಾರ ಇವನು ಬ್ರೆಡ್ಡು ಕಟ್ಟಿಸಿಕೊಂಡು ಹೋದರೆ ಇಬ್ಬರೂ ಜಗಲಿಯಲ್ಲಿ ಕೂತು ಟೀ ಕುಡಿಯುತ್ತಿದ್ದರಂತೆ.

"ಏನಂತಾರೆ?" ಎಂದು ಅವಳು ಒಮ್ಮೆ ಕೇಳಿದಳು.

"ಏನೂ ಅನ್ನಲ್ಲ. ಯಾಕೆ ಮುತ್ತು, ಜನ ನನಗೆ ಯಾಕೆ ಹೇಳ್ಲಿಲ್ಲ ಅಂತ ಕೇಳ್ತಾರೆ. ಪ್ರತಿ ಸಲ ಅದನ್ನೇ ಕೇಳ್ತಾರೆ."

ಅಧಿಕಾರದಲ್ಲಿದ್ದರೆ ಬೇಕಾದ್ದು ಮಾಡಬಹುದು ಎಂದು ನಾವು ತಿಳಿದಿದ್ದೆವು. ಆ ರಸ್ತೆಯುಬ್ಬು ಹಾಕಿಸಲು ಅವಳಿಗೆ ಒಂದು ವರ್ಷಕ್ಕೂ ಮೇಲೆ ಹಿಡಿಯಿತು. ಇಂಜಿನಿಯರು ಒಪ್ಪಿದರೆ ಲೋಕೋಪಯೋಗಿಯವರು ಒಪ್ಪರು, ಅವರು ಒಪ್ಪಿದರೆ ಡಾಂಬರಿಲ್ಲ. ಹಾಕಿಸಿದ ತಿಂಗಳಲ್ಲೇ ಅದರ ಮೇಲೆ ಬೈಕು ಹಾರಿ ಒಬ್ಬ ಯುವಕ ಬಿದ್ದು ದವಡೆ ಮುರಿದುಕೊಂಡ. ಅವನ ತಾಯಿ ಗೇಟಿನ ಮುಂದೆ ನಿಂತು ಮಣ್ಣು ತೂರಿ ಶಾಪ ಹಾಕಿದಳು. ಮರುದಿನ ಅರುಳ್‌ಮೇರಿ ತಾನೇ ಬಣ್ಣದ ಡಬ್ಬ ಹಿಡಿದು ಹೋಗಿ ಉಬ್ಬಿಗೆ ಬಿಳಿ ಪಟ್ಟೆ ಹೊಡೆದಳು, ಆಸ್ಪತ್ರೆಗೂ ಹೋದಳು. ಆ ತಾಯಿ ಮುಖ ತಿರುಗಿಸಿದಳು. ಇವಳು ಕಿತ್ತಳೆಹಣ್ಣು ಇಟ್ಟು ಬಂದಳು.

ಐದು ವರ್ಷ ಹಾಗೇ ನಡೆಯಿತು. ಆಗದ ಕೆಲಸವೇ ಹೆಚ್ಚು, ಆದದ್ದೂ ಇತ್ತು. ದೊಡ್ಡ ಭಾಷಣ ಅವಳಿಂದ ಬರಲಿಲ್ಲ. ನಾಲ್ಕನೆಯ ವರ್ಷ ದಾತೋ ತೀರಿಕೊಂಡರು. ಅವರ ಶವಯಾತ್ರೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕೊನೆಯವರೆಗೂ ನಡೆದರು.

ಮುಂದಿನ ಚುನಾವಣೆಗೆ ಅವಳ ಪಕ್ಷದ ಅಭ್ಯರ್ಥಿಗಳ ಹೆಸರು ತಮಿಳು ಪತ್ರಿಕೆಯಲ್ಲಿ ಬಂತು. ಸುಂಗೈ ನಿಪಾಹ್ ಎದುರು ಇದ್ದದ್ದು ಬೇರೆ ಹೆಸರು, ಲಂಡನ್ನಿನಲ್ಲಿ ಓದಿ ಬಂದ ಲೆಕ್ಕಪರಿಶೋಧಕನದು. ಯಾರೂ ಅವಳಿಗೆ ಹೇಳಿರಲಿಲ್ಲ. ಪತ್ರಿಕೆ ಹಿಡಿದು ನಮ್ಮ ಮನೆಗೆ ಬಂದವಳು ಬಾಗಿಲಲ್ಲೇ ನಿಂತಳು. ಗೆದ್ದ ದಿನವೂ ಅವಳ ಮುಖ ಹಾಗಿರಲಿಲ್ಲ. "ಅಕ್ಷರ ಚಿಕ್ಕದಿದೆ, ನೋಡು," ಎಂದಳು. ನೋಡಿದೆ. ಅವಳ ಹೆಸರು ಎಲ್ಲೂ ಇರಲಿಲ್ಲ.

ಮಧ್ಯಾಹ್ನ ಡಾಕ್ಟರ್ ಯೋ ಬಂದರು. ಈಗ ಅವರು ಮಂತ್ರಿ, ಹೊರಗೆ ಕಾರು, ಕಾರಿಗೆ ಚಾಲಕ.

"ಅಕ್ಕ, ನಾನೇ ಬಂದು ಹೇಳ್ಬೇಕು ಅಂತಿದ್ದೆ. ಕಾಲ ಬದಲಾಗಿದೆ. ಈಗ ನಮಗೆ ಓದಿದೋರು, ತಿಳಿದೋರು ಸಿಗ್ತಿದಾರೆ..."

"ಸರಿ ಡಾಕ್ಟ್ರೇ. ಕೂತ್ಕೊಳ್ಳಿ, ಟೀ ತರ್ತೀನಿ," ಎಂದಳು. ತಟ್ಟೆಯಲ್ಲಿ ಲೋಟ ಇಟ್ಟುಕೊಂಡು ಬಂದಳು.

ಎದ್ದು ನಿಂತವನು ಸವರಿಮುತ್ತು. "ಅವಳನ್ನ ಒಂದು ಮಾತು ಕೇಳಿದ್ರಾ ನೀವು? ನಮ್ಮೋರು ನನ್ನನ್ನ ತೆಗೆದಾಗ ಮೆಸೇಜಾದ್ರೂ ಕಳಿಸಿದ್ರು. ಈ ಹೆಂಗಸು ಐದು ವರ್ಷ ಒಂದು ಹಬ್ಬದ ದಿನ ನೆಮ್ಮದಿಯಾಗಿ ಉಂಡಿಲ್ಲ. ಟೀ ಬೇಡ ಇವರಿಗೆ. ಒಳಗೆ ತಗೊಂಡ್ಹೋಗು ಮೇರಿ."

"ರೀ, ಮನೆಗೆ ಬಂದೋರು," ಎಂದಳು ಅವಳು.

"ಬಂದೋರು ಹೋಗಲಿ."

ಡಾಕ್ಟರು ತಲೆ ತಗ್ಗಿಸಿ ಹೊರಟರು. ಅರುಳ್‌ಮೇರಿ ಗಂಡನನ್ನು ಹೊಸಬನನ್ನು ನೋಡುವಂತೆ ನೋಡುತ್ತಿದ್ದಳು. ಟೀಯನ್ನು ಅವನಿಗೇ ಕೊಟ್ಟಳು. ಅವನು ನಿಂತೇ ಕುಡಿದ.

ಮರುದಿನ ಬೆಳಗ್ಗೆ ಇಬ್ಬರೂ ಮಗಳ ಮನೆಗೆಂದು ಇಪೋ ಊರಿಗೆ ಹೊರಟರು. ಬೀಗದ ಕೈ ನನಗೆ ಕೊಟ್ಟಳು. ಫೋನನ್ನು ಮೇಜಿನ ಮೇಲೆ ಬಿಟ್ಟು ಹೋಗಿದ್ದಳು, ಬೇಕೆಂದೇ. ಅದು ಖಾಲಿ ಮನೆಯಲ್ಲಿ ಬಡಿದುಕೊಳ್ಳುವುದು ನನ್ನ ಅಡುಗೆಮನೆಗೆ ಕೇಳುತ್ತಿತ್ತು. ಸುಮ್ಮನಾಗುವುದು, ಮತ್ತೆ ಶುರುವಾಗುವುದು. ಕೊನೆಗೆ ತಡೆಯಲಾಗದೆ ಹೋಗಿ ಎತ್ತಿದೆ. ಹೊಸ ಬಡಾವಣೆಯ ಹೆಂಗಸೊಬ್ಬಳು. ಕಸದ ಲಾರಿ ಬಂದು ವಾರವಾಯಿತಂತೆ, ನಾರುತ್ತಿದೆಯಂತೆ.

"ಅವರು ಈಗ ಶಾಸಕರಲ್ಲಮ್ಮ," ಎಂದೆ.

"ಗೊತ್ತು, ಪೇಪರಲ್ಲಿ ಓದ್ದೆ," ಎಂದಳು ಅವಳು. "ಆದ್ರೂ ಬಂದ್ಮೇಲೆ ಹೇಳ್ಬಿಡಿ."